ಮಂಜು ಬಳಿದ ಜಾಗ

ಅಣ್ಣನ ಪರದೆಯಲ್ಲಿ ಮತ್ತೆ ಮಂಜು ಇಳಿದಿತ್ತು. ನೋಡಿದ್ದೇ ತಡ, ತಂಗಿಗೆ ಮೈಯೆಲ್ಲ ಉರಿದುಹೋಯಿತು.

ನಾಟಕದವರಿಗೆ ಪರದೆ ಬರೆದುಕೊಡುವುದು ಅವನ ಕಸುಬು. ಬುಡದಲ್ಲಿ ಬರೆದ ಮುಳ್ಳುಬೇಲಿ ಕೈ ಹಾಕಿದರೆ ಚುಚ್ಚೀತು ಅನ್ನುವಷ್ಟು ನಿಜ. ಮೇಲಿನ ನೀಲಿ ಬೆಟ್ಟವೂ ಸೊಗಸೇ. ನಡುವೆ ಹೊಲ, ದಾರಿ, ಮನೆ ಇರಬೇಕಾದ ಜಾಗಕ್ಕೆ ಮಾತ್ರ ಬಿಳಿ ಬಣ್ಣ ಕಲಸಿ, ಅಗಲ ಕುಂಚದಿಂದ ಒಮ್ಮೆ ಎಳೆದು ಕೈತೊಳೆದುಕೊಳ್ಳುತ್ತಿದ್ದ. ಸುಡುಬೇಸಿಗೆಯ ನಾಟಕಕ್ಕೂ ಅದೇ ಮಂಜು.

"ಈ ಬೇಲಿಯಿಂದ ಆ ಬೆಟ್ಟಕ್ಕೆ ಜನ ಹೇಗೆ ಹೋಗ್ತಾರೆ? ಹಾರ್ಕೊಂಡಾ?"

"ನಡುವೆ ನೋಡೋಕೇನಿರುತ್ತೆ ಹೇಳು," ಅಂದ ಅವನು, ಕುಂಚ ಹಿಂಡುತ್ತ. "ಹತ್ತಿರದ್ದು ಕೈಗೆ ಸಿಗುತ್ತೆ. ದೂರದ್ದು ಆಸೆ ಹುಟ್ಟಿಸುತ್ತೆ. ನಡುವಿನದು ಬರೀ ನಡೆಯೋ ಕೆಲಸ."

ಈ ಮಹಾನುಭಾವನ ಮಗಳಿಗೆ ಓಟ ಕಲಿಸುವ ಕರ್ಮ ತಂಗಿಯದು. ಎಂಟುನೂರು ಮೀಟರ್, ಮೈದಾನಕ್ಕೆ ಎರಡು ಸುತ್ತು. ಒಂದೇ ಉಸಿರಿಗೆ ಮುಗಿಯುವ ಓಟವೂ ಅಲ್ಲ, ನಿಧಾನಕ್ಕೆ ಸಾಗುವ ದೂರದ ಓಟವೂ ಅಲ್ಲ, ಮಧ್ಯಮ ದೂರ. ಹುಡುಗಿ ಹೊರಡುವಾಗ ಬೆನ್ನಿಗೆ ನಾಯಿ ಬಿದ್ದ ಹಾಗೆ ಹೊರಡುತ್ತಾಳೆ. ಕೊನೆಯಲ್ಲೂ ಗಾಳಿಯ ಹಾಗೆ ಬರುತ್ತಾಳೆ. ಎರಡನೆಯ ಸುತ್ತಿನಲ್ಲಿ ಆಚೆ ತಿರುವು ಬಂತೋ, ಕಾಲು ಎಳೆಯುತ್ತಾಳೆ. ಅಲ್ಲಿ ಕಳೆದದ್ದು ಕೊನೆಯಲ್ಲಿ ಎಷ್ಟು ಓಡಿದರೂ ಸಿಗುವುದಿಲ್ಲ. ಹೇಳಿ ಹೇಳಿ ತಂಗಿಯ ಬಾಯಿ ನೋಯುತ್ತಿತ್ತು, ಹುಡುಗಿ ಹೂಂ ಹೂಂ ಅಂದು ಮತ್ತೆ ಅಲ್ಲೇ ಸೋಲುತ್ತಿದ್ದಳು.

ನಾಳೆ ಆಯ್ಕೆಯ ಓಟ. ಮೊದಲ ಇಬ್ಬರಿಗೆ ಜಿಲ್ಲೆಯ ತಂಡದಲ್ಲಿ ಜಾಗ. ಬರುವ ವರ್ಷಕ್ಕೆ ಹುಡುಗಿಯ ವಯಸ್ಸು ಮೀರುತ್ತದೆ, ಇದೇ ಕೊನೆಯ ಅವಕಾಶ.

ಅಭ್ಯಾಸ ಮುಗಿಸಿ ಬೂಟು ಬಿಚ್ಚುತ್ತ ಆ ಸಂಜೆ ಹುಡುಗಿ ಬಾಯಿಬಿಟ್ಟಳು. "ಅತ್ತೆ, ಅಲ್ಲಿ ಯಾರೂ ಇರಲ್ಲ. ಅಪ್ಪ ಓಟ ಮುಗಿಯೋ ಗೆರೆ ಹತ್ರ ಇರ್ತಾರೆ, ನೀವೂ ಅಲ್ಲೇ. ಆಚೆ ಹೋದ್ರೆ ಯಾಕೆ ಓಡ್ತಿದೀನಿ ಅನ್ನೋದೇ ಮರ್ತುಹೋಗುತ್ತೆ."

ತಂಗಿಯೂ ಒಂದು ಕಾಲಕ್ಕೆ ಇದೇ ಓಟ ಓಡಿದವಳು. ಆಗಲೂ ಅಣ್ಣ ಗೆರೆಯ ಪಕ್ಕ ಸೋಡಾ ಹಿಡಿದು ನಿಂತಿರುತ್ತಿದ್ದ. ಅವಳು ಓಟ ಬಿಟ್ಟಾಗ ಯಾಕೆ ಅಂತ ಒಂದು ಮಾತೂ ಕೇಳಲಿಲ್ಲ.

ಬೆಳಿಗ್ಗೆ ಮೈದಾನದ ಬಾಗಿಲಲ್ಲೇ ಅವನನ್ನು ಅಡ್ಡಹಾಕಿದಳು. "ಇವತ್ತು ಆಚೆ ತಿರುವಲ್ಲಿ ನಿಲ್ಲು."

"ಅಲ್ಲಿಂದ ಗೆದ್ದಿದ್ದು ಕಾಣುತ್ತಾ?"

"ಕಾಣಲ್ಲ."

"ಮತ್ತೆ?"

"ಅಣ್ಣಾ, ನನ್ನ ತಲೆ ತಿನ್ನಬೇಡ. ನಿಲ್ಲು ಅಂದ್ರೆ ನಿಲ್ಲು!"

ಗೊಣಗುತ್ತ ಹೋದ. ಆದರೆ ಅಷ್ಟೆಲ್ಲ ಕೂಗಾಡಿದವಳು ಹುಡುಗಿಗೆ ಈ ವಿಷಯ ಹೇಳುವುದನ್ನೇ ಮರೆತಿದ್ದಳು. ಓಟಗಾರ್ತಿಯರು ಸಾಲಾಗಿ ನಿಂತಾಗ ಹುಡುಗಿ ಗೆರೆಯ ಪಕ್ಕ ಅಪ್ಪನನ್ನು ಹುಡುಕಿದಳು. ಕಾಣದೆ ಮುಖ ಸಣ್ಣಗಾಯಿತು. ತಂಗಿ ಬಾಯಿ ತೆರೆಯುವಷ್ಟರಲ್ಲಿ ಪಿಸ್ತೂಲು ಢಂ ಅಂದಿತ್ತು.

ಮೊದಲ ಸುತ್ತಿನಲ್ಲಿ ಹುಡುಗಿ ಎಲ್ಲರಿಗಿಂತ ಹಿಂದೆ. ತಂಗಿ ಹಣೆ ಚಚ್ಚಿಕೊಂಡಳು. ತನ್ನ ಬುದ್ಧಿಗಿಷ್ಟು, ಅಣ್ಣನ ಬುದ್ಧಿಗಿಷ್ಟು ಅಂತ ಬೈದುಕೊಂಡಳು. ಆಚೆ ತಿರುವಿನಲ್ಲಿ ಹುಡುಗಿಯ ತಲೆ ಫಕ್ಕನೆ ಬೇಲಿಯ ಕಡೆ ಹೊರಳಿದ್ದು ಈಚೆಯಿಂದಲೇ ಕಂಡಿತು. ಅಪ್ಪ ಸಿಕ್ಕಿದ್ದ.

ಎರಡನೆಯ ಸುತ್ತಿನಲ್ಲಿ ಹುಡುಗಿ ಕಾಲೆಳೆಯಲಿಲ್ಲ. ಯಾವಾಗಲೂ ಸೋಲುವ ಆ ಜಾಗದಲ್ಲೇ ಒಬ್ಬೊಬ್ಬರನ್ನಾಗಿ ಹಿಂದೆ ಹಾಕತೊಡಗಿದಳು. ಬೇಲಿಯಾಚೆ ಬಣ್ಣ ಮೆತ್ತಿದ ಪ್ಯಾಂಟಿನ ಮನುಷ್ಯನೊಬ್ಬ ಸೋಡಾ ಬಾಟಲಿ ಎಸೆದು ಅವಳ ಜೊತೆಜೊತೆಗೇ ಓಡುತ್ತಿದ್ದ. ನಾಲ್ಕು ಹೆಜ್ಜೆಗೇ ಏದುಸಿರು ಬಂದು ನಿಂತ.

ಮೂರನೆಯವಳಿಗಿಂತ ಎದೆಯಷ್ಟೇ ಮುಂದಾಗಿ ಹುಡುಗಿ ಎರಡನೆಯವಳಾಗಿ ಗೆರೆ ದಾಟಿದಳು. ಹುಲ್ಲಿನ ಮೇಲೆ ಬಿದ್ದುಕೊಂಡು ನಗುತ್ತಿದ್ದಳು.

ಅಣ್ಣ ಬಹಳ ಹೊತ್ತಿನ ಮೇಲೆ ಮೈದಾನ ಬಳಸಿಕೊಂಡು ಬಂದ.

"ಎರಡನೇದು. ಆಯ್ಕೆ ಆದ್ಲು," ಅಂದಳು ತಂಗಿ.

ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ಅವಳು ಅಲ್ಲಿ ಅಳ್ತಾ ಓಡ್ತಾಳೆ ಕಣೇ. ಮುಖ ಎಲ್ಲಾ ಕಿವುಚಿಕೊಂಡು. ಗೆರೆ ಹತ್ರ ಬರೋಷ್ಟರಲ್ಲಿ ಸರಿಮಾಡ್ಕೊಂಡುಬಿಡ್ತಾಳೆ. ನಂಗೆ ಗೊತ್ತೇ ಇರಲಿಲ್ಲ."

"ಗೊತ್ತಾಗೋದು ಹೇಗೆ? ನೀನು..." ತಂಗಿ ಶುರುಮಾಡಿದಳು. ಇಷ್ಟು ವರ್ಷ ಕೂಡಿಟ್ಟ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು.

"ನೀನೂ ಅಳ್ತಿದ್ಯಾ ಆಗ?"

ಬೈಗುಳ ಅಲ್ಲೇ ನಿಂತಿತು. ಹಾಳಾದವನು ಈಗ ಕೇಳುತ್ತಾನೆ, ಮಂಡಿಗೆ ಎಣ್ಣೆ ತಿಕ್ಕುವ ವಯಸ್ಸಿನಲ್ಲಿ.

"ಹೂಂ ಕಣೋ," ಅಂದಳು. "ಪ್ರತಿ ಸಲಾನೂ."