ಇನ್ನೂರು ರೊಟ್ಟಿ, ಇನ್ನೂರು ಸ್ತೋತ್ರ

ಮದುವೆ ವಿಡಿಯೊದ ಜೀವ ಇರುವುದು ಅಳುವಿನಲ್ಲಿ ಎಂಬುದು ಮಾಂತುವಿನ ಹದಿನೆಂಟು ವರ್ಷದ ಅನುಭವ. ತಾಳಿ, ಅಕ್ಕಿಕಾಳು, ಊಟದ ಪಂಕ್ತಿ, ಮಾವನ ಹೊಸ ಕೋಟು, ಇವೆಲ್ಲ ಎಲ್ಲರ ಮನೆಯಲ್ಲೂ ಒಂದೇ. ಹುಡುಗಿಯನ್ನು ಕಳಿಸಿಕೊಡುವ ಹೊತ್ತಿಗೆ ಅವಳಪ್ಪ ಕಂಬದ ಮರೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಾನಲ್ಲ, ಅದನ್ನು ಹಿಡಿದವನೇ ವಿಡಿಯೊದವನು. ನವಲಗುಂದದಿಂದ ಬಂದ ಮಾಂತು ಬಿಬವೇವಾಡಿಯ ಭಾಜಿ ಮಾರ್ಕೆಟ್ಟಿನ ಹಿಂದೆ ಹತ್ತಡಿ ಅಗಲದ ಅಂಗಡಿ ಇಟ್ಟುಕೊಂಡು, ಅರ್ಧ ಪುಣೆಯ ಅಪ್ಪಂದಿರ ಅಳು ಹಿಡಿದಿದ್ದ.

ಕೊರೋನಾ ಕಾಲದಲ್ಲಿ ಮದುವೆಗಳು ನಿಂತು ಅಂಗಡಿಗೆ ನೊಣವೂ ಹಾಯದಿದ್ದಾಗ ಪಾಸ್ಟರ್ ಸುಹಾಸ ಬೆಟಗೇರಿಯವರು ಹುಡುಕಿಕೊಂಡು ಬಂದರು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಮರಾಠಿ ಕ್ರೈಸ್ತ ಸಭೆಯವರ ದೇವಾಲಯವನ್ನು ಭಾನುವಾರ ಮಧ್ಯಾಹ್ನ ಎರಡು ತಾಸು ಎರವಲು ಪಡೆದು ಕನ್ನಡದಲ್ಲಿ ಆರಾಧನೆ ನಡೆಸುವ ಪುಟ್ಟ ಸಭೆ ಅವರದು. ಗದಗ, ಬೀದರ ಕಡೆಯ ನಲವತ್ತು ಜನ. ಮನೆಯಲ್ಲೇ ಕೂತ ಆ ನಲವತ್ತು ಜನರಿಗೆ ಪಾಸ್ಟರರ ಪ್ರಸಂಗ, ಅಂದರೆ ಭಾನುವಾರದ ಬೋಧನೆ, ಮುಟ್ಟಿಸಬೇಕಿತ್ತು. ಮಾಂತು ಕೊರಳಲ್ಲಿ ಲಿಂಗ ಕಟ್ಟಿದವನು, ಆದರೆ ಕ್ಯಾಮೆರಾಕ್ಕೆ ಯಾವ ಜಾತಿ? ಮುಟ್ಟಿಸಿದ.

ಕೊರೋನಾ ಹೋಯಿತು, ಜನ ಬೆಂಚಿಗೆ ಮರಳಿದರು, ದೂರದವರನ್ನು ಮುಟ್ಟುವ ಪಾಸ್ಟರರ ಆಸೆ ಮಾತ್ರ ಹಿಂದೆ ಸರಿಯಲಿಲ್ಲ. ಅವರು ಒಳ್ಳೆಯ ಮನುಷ್ಯ. ಸೊಲ್ಲಾಪುರದಲ್ಲಿ, ದುಬೈಯಲ್ಲಿ, ಎಲ್ಲೆಲ್ಲೋ ಒಂಟಿ ಕೋಣೆಯಲ್ಲಿ ಕೂತ ಕನ್ನಡದವನೊಬ್ಬನ ಕಿವಿಗೆ ನಮ್ಮ ಮಾತು ಬೀಳಲಿ ಎಂದು ನಿಜವಾಗಿಯೂ ಹಂಬಲಿಸುತ್ತಿದ್ದರು. ಆದರೆ ಅವರ ಪ್ರಸಂಗ ಐವತ್ತು ನಿಮಿಷ, ನೋಡುವವರು ಇಪ್ಪತ್ತಾರು ಜನ. ಆ ಇಪ್ಪತ್ತಾರರಲ್ಲಿ ಒಂದು ಅವರ ಹೆಂಡತಿಯ ಫೋನು, ಇನ್ನೊಂದು ಮಾಂತುವಿನದು. ಕೊನೆಗೆ ಅವರು ಯಾವುದೋ ತರಬೇತಿಗೆ ಹೋಗಿ ಎರಡು ಸೂತ್ರ ಕಲಿತು ಬಂದರು. ಒಂದು, ನಿಮಿಷಕ್ಕಿಂತ ಉದ್ದದ್ದನ್ನು ಯಾರೂ ನೋಡುವುದಿಲ್ಲ, ತುಣುಕು ಮಾಡಿ ಹಾಕಬೇಕು. ಎರಡು, ಯಾರು ಏನೇ ಬರೆದರೂ ಅದೇ ದಿನ ಉತ್ತರ ಕೊಡಬೇಕು. ಉತ್ತರ ಕೊಟ್ಟಷ್ಟೂ ವಿಡಿಯೊ ಮೇಲೇಳುತ್ತದೆ. ಎರಡೂ ಕೆಲಸ ಮಾಂತುವಿನ ತಲೆಗೆ ಬಂದವು.

ಆ ಸಭೆಯಲ್ಲಿ ಪ್ರಸಂಗಕ್ಕೆ ಮುಂಚೆ ಸಾಕ್ಷಿ ಹೇಳುವ ವಾಡಿಕೆಯಿತ್ತು. ದೇವರು ತನಗೇನು ಮಾಡಿದ ಎಂದು ಯಾರು ಬೇಕಾದರೂ ಎದ್ದು ಬಂದು ಮೈಕಿನ ಮುಂದೆ ಹೇಳಬಹುದು. ಆದರೆ ಹೆಸರು, ಊರು, ಈಗಿರುವ ಜಾಗ, ಮೂರನ್ನೂ ಹೇಳಿಯೇ ಶುರು ಮಾಡಬೇಕು. ಕೋರ್ಟಿನಲ್ಲಿ ನಿಂತವನು ಹೆಸರು ಹೇಳದಿದ್ದರೆ ಯಾರು ನಂಬುತ್ತಾರೆ ಎನ್ನುತ್ತಿದ್ದರು ಪಾಸ್ಟರು. ಹೇಳಿ ಮುಗಿಸಿದ ಮೇಲೆ ಇಡೀ ಸಭೆ ‘ಸ್ತೋತ್ರ’ ಎನ್ನಬೇಕು. ಹೇಳಿದವರನ್ನು ನಾವು ಒಪ್ಪಿಕೊಂಡೆವು ಎಂದು ಅದರ ಅರ್ಥ. ಇದೆಲ್ಲ ಮನೆಯೊಳಗಿನ ಮಾತು. ಆದ್ದರಿಂದ ಸಾಕ್ಷಿಯ ಹೊತ್ತಿಗೆ ಮಾಂತು ಕ್ಯಾಮೆರಾ ಮುಚ್ಚಿ, ‘ಪ್ರಾರ್ಥನಾ ಸಮಯ’ ಎಂಬ ಹಲಗೆಯ ಚಿತ್ರ ಹಾಕಿಬಿಡುತ್ತಿದ್ದ.

ಸಾವಂತ್ರವ್ವ ಬಂದದ್ದು ಹೋದ ವರ್ಷ. ಮೂವತ್ತೈದರ ಹೆಂಗಸು, ಹುಕ್ಕೇರಿ ಕಡೆಯವಳು. ಎಡಗೈ ಮೊಣಕೈಯಲ್ಲಿ ಮುರಿದು ಸೊಟ್ಟಗೆ ಕೂಡಿತ್ತು. ಮೊದಲ ದಿನವೇ ಬೆಂಚಿನಲ್ಲಿ ಕೂರುವ ಬದಲು ನೆಟ್ಟಗೆ ಕ್ಯಾಮೆರಾದ ಹತ್ತಿರ ಬಂದಳು.

“ಅಣ್ಣಾರ, ನಾ ಅದರಾಗ ಬರಬಾರದ್ರಿ. ನನ್ನ ಗಂಡ ಹುಡಿಕ್ಯಾಡಾಕ ಹತ್ಯಾನ. ನಾ ಎಲ್ಲಿ ಅದೀನಿ ಅಂತ ತಿಳದ್ರ ಜೀವಂತ ಬಿಡಾಂವಲ್ಲ.”

“ಬರಂಗಿಲ್ಲ ತಂಗೆವ್ವ, ನಾ ಅದೀನಿ” ಎಂದ ಮಾಂತು. ಅವಳು ಕೊನೆಯ ಬೆಂಚಿನಲ್ಲಿ ಕಂಬದ ಹಿಂದೆ ಕೂತಳು. ಅಂದಿನಿಂದ ಅದು ಅವಳ ಜಾಗವಾಯಿತು.

ಗಂಡ ಶಿವಪ್ಪ ಲಾರಿ ಓಡಿಸುವವನು. ಕುಡಿದಾಗಲೂ ಹೊಡೆಯುತ್ತಿದ್ದ, ಕುಡಿಯದಾಗಲೂ ಹೊಡೆಯುತ್ತಿದ್ದ. ತವರಿಗೆ ಓಡಿದರೆ ಅಲ್ಲಿಂದ ಎಳೆದು ತಂದ, ನಿಪ್ಪಾಣಿಯ ಅಕ್ಕನ ಮನೆಗೆ ಓಡಿದರೆ ಅಲ್ಲಿಂದಲೂ ಎಳೆದು ತಂದು ಕೈ ಮುರಿದ. ಮೂರನೆಯ ಸಲ ಯಾರಿಗೂ ಹೇಳದೆ ಪುಣೆಯ ಬಸ್ಸು ಹತ್ತಿದಳು. ಐಟಿ ಕಂಪನಿಗಳು ತುಂಬಿದ ಖರಾಡಿಯಲ್ಲಿ ನೀಲಿಮಾ ಎಂಬ ಧಾರವಾಡದ ಹೆಂಗಸು ನಡೆಸುವ ಮೆಸ್ಸಿನಲ್ಲಿ ಕೆಲಸ ಸಿಕ್ಕಿತು. ಭಾನುವಾರಕ್ಕೊಮ್ಮೆ ಇಲ್ಲಿ ಬಂದು ಎರಡು ತಾಸು ಹೆದರಿಕೆಯಿಲ್ಲದೆ ಕೂರುತ್ತಿದ್ದಳು. ಹೋಗುವಾಗ ಹಳೆಯ ಪೇಪರಿನಲ್ಲಿ ಸುತ್ತಿದ ನಾಲ್ಕು ಜೋಳದ ರೊಟ್ಟಿ, ಅಗಸಿ ಚಟ್ನಿ ಮಾಂತುವಿನ ಕ್ಯಾಮೆರಾ ಚೀಲದ ಮೇಲೆ ಇಟ್ಟು ಹೋಗುವಳು. ಮಾಂತುವಿನ ಹೆಂಡತಿ ಸ್ನೇಹಲ್ ಸಾತಾರದವಳು, ಅವಳ ಭಾಕರಿ ದಪ್ಪ. ತಾಯಿ ಸತ್ತ ಮೇಲೆ ಇಷ್ಟು ತೆಳುವಾದ ರೊಟ್ಟಿಯನ್ನು ಅವನು ಕಂಡಿರಲಿಲ್ಲ. ಹೆಂಡತಿಗೂ ಕೊಡದೆ ಅಂಗಡಿಯಲ್ಲೇ ಕೂತು ತಿನ್ನುತ್ತಿದ್ದ.

ಎಂಟು ತಿಂಗಳು ಬಾಯಿ ಬಿಡದ ಸಾವಂತ್ರವ್ವ ಒಂದು ಭಾನುವಾರ ಸಾಕ್ಷಿಗೆ ಎದ್ದಳು. ಮಾಂತು ಕ್ಯಾಮೆರಾ ಮುಚ್ಚಿದ. ಆದರೆ ಮೈಕಿನ ದನಿ ಬೇರೊಂದು ಪೆಟ್ಟಿಗೆಯಲ್ಲಿ ತನ್ನಷ್ಟಕ್ಕೆ ತುಂಬಿಕೊಳ್ಳುತ್ತಿತ್ತು. ಅದನ್ನು ಅವನು ಯಾವತ್ತೂ ನಿಲ್ಲಿಸಿರಲಿಲ್ಲ, ನಿಲ್ಲಿಸಬೇಕೆಂದು ಹೊಳೆದೂ ಇರಲಿಲ್ಲ. ಅವಳು ಹೆಸರು ಹೇಳಿದಳು, ಊರು ಹೇಳಿದಳು, ಆಮೇಲೆ ಮೆಲ್ಲಗೆ ಮಾತು ಶುರು ಮಾಡಿದಳು.

“ಖರಾಡ್ಯಾಗ ಕಂಪನಿ ಹುಡುಗ್ರಿಗೆ ಜ್ವಾಳದ ರೊಟ್ಟಿ ಬಡೀತೀನ್ರಿ. ಎಡಗೈ ಮ್ಯಾಲ ಏಳಂಗಿಲ್ಲ, ಒಂದ ಕೈಲೆ ಬಡೀತೀನಿ. ಹನ್ನೊಂದ ವರ್ಷ ಬಡಿಸಿಕೊಂಡೆ, ಈಗ ನಾ ರೊಟ್ಟಿ ಬಡೀತೀನಿ. ಒಂದೊಂದ ರೊಟ್ಟಿಗೂ ಒಂದೊಂದ ಸ್ತೋತ್ರ ಹೇಳ್ತೀನ್ರಿ. ದಿನಕ್ಕ ಇನ್ನೂರು ರೊಟ್ಟಿ, ಇನ್ನೂರು ಸ್ತೋತ್ರ.”

ಬುಧವಾರ ಅಂಗಡಿಯಲ್ಲಿ ಕೂತು ಆ ದನಿ ಕೇಳಿದಾಗ ಮಾಂತುವಿನ ಮೈ ಜುಮ್ಮೆಂದಿತು. ಕಂಬದ ಮರೆಯ ಅಪ್ಪನ ಅಳು ಅವನಿಗೆ ಗೊತ್ತು. ಇದು ಅದಕ್ಕಿಂತ ನೂರು ಪಾಲು ಹೆಚ್ಚಿನದು. ಹೆಸರು ಕತ್ತರಿಸಿದ. ಊರು ಕತ್ತರಿಸಿದ. ಖರಾಡಿ ಎಂಬ ಮಾತನ್ನೂ ತೆಗೆಯಲು ಹೋದ, ತೆಗೆದರೆ ವಾಕ್ಯ ಕುಂಟಿತು. ಖರಾಡಿ ಎಂದರೆ ಸಮುದ್ರ, ಅಲ್ಲಿ ಯಾರು ಯಾರನ್ನು ಹುಡುಕುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡು ಬಿಟ್ಟ. ಮುಖದ ಬದಲು ಯಾವುದೋ ಮದುವೆಯ ಅಡುಗೆಮನೆಯಲ್ಲಿ ಹಿಡಿದಿದ್ದ ಒಲೆಯ ಉರಿಯನ್ನು ಹಾಕಿದ. ಐವತ್ತೆರಡು ಸೆಕೆಂಡಿನ ತುಣುಕು ಸಿದ್ಧವಾಯಿತು.

ಪಾಸ್ಟರರು ಎರಡು ಸಲ ನೋಡಿ ಕಣ್ಣು ಒರೆಸಿಕೊಂಡರು. ಆಮೇಲೆ ಕೇಳಿದರು, “ಮಾಂತಪ್ಪಾ, ಆಕೀನ್ನ ಕೇಳೀದೇನು?”

“ಕೇಳೀನ್ರಿ” ಎಂದ ಮಾಂತು.

ಕೇಳಿರಲಿಲ್ಲ. ಕೇಳಿದರೆ ಬೇಡ ಎನ್ನುತ್ತಾಳೆಂದು ಗೊತ್ತಿದ್ದೇ ಕೇಳಿರಲಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ಇವನ ನೆವ ಇಷ್ಟೇ: ಮುಖ ಇಲ್ಲ, ಹೆಸರಿಲ್ಲ, ಮತ್ತೇನು ಕೇಳುವುದು? ಹನ್ನೊಂದು ವರ್ಷ ಸಂಸಾರ ಮಾಡಿದ ಗಂಡಸಿಗೆ ಹೆಂಡತಿಯ ದನಿ ಗುರುತಾಗಲು ಮುಖ ಯಾಕೆ ಬೇಕು ಎಂಬುದು, ಇಡೀ ಜನ್ಮ ಕಣ್ಣಿನಿಂದಲೇ ಬದುಕಿದ ಆ ಮಹಾಶಯನಿಗೆ ಹೊಳೆಯಲಿಲ್ಲ.

ತುಣುಕು ಓಡಿತು. ಮೊದಲ ದಿನ ಮೂರು ಸಾವಿರ, ವಾರದೊಳಗೆ ಎರಡು ಲಕ್ಷ. ಹುಬ್ಬಳ್ಳಿಯಿಂದ, ಮಸ್ಕತ್‌ನಿಂದ ಜನ ಬರೆದರು. ಮುಂಬೈಯ ಎರಡು, ಸೊಲ್ಲಾಪುರದ ಒಂದು ಸಭೆಯವರು ನಮ್ಮ ಪ್ರಸಂಗಗಳನ್ನೂ ಹೀಗೇ ಜನಕ್ಕೆ ಮುಟ್ಟಿಸಿಕೊಡಿ ಎಂದು ಮಾಂತುವಿಗೆ ಫೋನು ಮಾಡಿದರು. ಪಾಸ್ಟರರು ದೇವರು ದಾರಿ ತೆರೆದ ಎಂದರು. ಸಾವಂತ್ರವ್ವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅವಳಿಗೆ ಏನೂ ತಿಳಿಯದು. ಮುಂದಿನ ಭಾನುವಾರ ಎಂದಿನಂತೆ ಕಂಬದ ಹಿಂದೆ ಕೂತು, ಎಂದಿನಂತೆ ರೊಟ್ಟಿಯ ಪೊಟ್ಟಣ ಇಟ್ಟು ಹೋದಳು. ಈ ವಾರ ಹೇಳೋಣ ಎಂದುಕೊಂಡಿದ್ದ ಮಾಂತು ಮುಂದಿನ ವಾರ ಹೇಳೋಣ ಎಂದುಕೊಂಡ. ಅಂದಿನ ರೊಟ್ಟಿಯನ್ನೂ ಅಂಗಡಿಯಲ್ಲಿ ಕೂತು ತಿಂದ.

ಮರುದಿನ ಸಾಸವಡದಲ್ಲಿ ಒಂದು ಮದುವೆ. ಮಂಗಳಾಷ್ಟಕ ಮುಗಿದು ಹುಡುಗಿಯನ್ನು ಕಳಿಸುವುದಕ್ಕೆ ಇನ್ನೂ ಹೊತ್ತಿತ್ತು. ಮಾಂತು ಒಂದು ಕೈಯಲ್ಲಿ ತಟ್ಟೆ, ಒಂದು ಕೈಯಲ್ಲಿ ಫೋನು ಹಿಡಿದು ಉತ್ತರ ಬರೆಯುತ್ತ ನಿಂತಿದ್ದ. ತೊಂಬತ್ತು ಚಿಲ್ಲರೆ ಇದ್ದವು. ‘ಆಮೆನ್’ ಎಂದವರಿಗೆ ‘ಆಮೆನ್’, ‘ಪ್ರಾರ್ಥಿಸಿ’ ಎಂದವರಿಗೆ ‘ಖಂಡಿತ’. ನಡುವೆ ಸೂರ್ಯಕಾಂತಿ ಹೂವಿನ ಚಿತ್ರ ಹಾಕಿಕೊಂಡ ಒಬ್ಬ ಬರೆದಿದ್ದ: ‘ಅಕ್ಕಾರ ಮಾತು ಕೇಳಿ ಭಾಳ ಅತ್ತೆ. ನಾವೂ ಖರಾಡ್ಯಾಗ ಅದೀವಿ. ಇಂಥಾ ರೊಟ್ಟಿ ಎಲ್ಲಿ ಸಿಗತಾವ್ರಿ?’

ಪಾಪ, ನಾಲ್ಕು ಗಿರಾಕಿ ಹೆಚ್ಚಾದರೆ ಅವಳಿಗೇ ಒಳ್ಳೆಯದು ಎನಿಸಿತು ಮಾಂತುವಿಗೆ. ರೊಟ್ಟಿ ಕೊಡುವಾಗ ಅವಳೇ ಒಮ್ಮೆ ಹೇಳಿದ್ದ ಗುರುತನ್ನು ಅನ್ನ ಕಲಸುವ ಮುಂಚೆ ಬರೆದ: ‘ಐಟಿ ಪಾರ್ಕಿನ ಹಿಂದಿನ ಗೇಟು, ನೀರಿನ ಟಾಕಿ ಎದುರು, ನೀಲಿಮಾ ಮೆಸ್. ಮುಂಜಾನೆ ಏಳಕ್ಕ ಬಿಸಿ ಸಿಗತಾವು.’ ಕೆಳಗೆ ಕೈಮುಗಿದ ಚಿತ್ರ ಹಾಕಿದ. ಆಮೇಲೆ ಹುಡುಗಿಯ ಅಪ್ಪ ಕಂಬದ ಕಡೆ ನಡೆದದ್ದು ಕಂಡು ಕ್ಯಾಮೆರಾ ಎತ್ತಿಕೊಂಡು ಓಡಿದ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಪಾಸ್ಟರರ ಫೋನು ಬಂತು. ದನಿ ಅವರದೆಂದು ಗುರುತೇ ಹತ್ತಲಿಲ್ಲ. ಏಳಕ್ಕೆ ಸರಿಯಾಗಿ ಒಬ್ಬ ಮೆಸ್ಸಿನ ಹಿಂಬಾಗಿಲಿಗೆ ಬಂದು ರೊಟ್ಟಿ ಕೇಳಿದನಂತೆ. ಸಾವಂತ್ರವ್ವ ತಲೆ ಎತ್ತಿ ನೋಡಿದಳಂತೆ. ಒಲೆಯ ಮೇಲಿನ ರೊಟ್ಟಿ ಸುಟ್ಟ ವಾಸನೆ ಬಂದು ನೀಲಿಮಾ ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶಿವಪ್ಪ ಓಡಿಹೋಗಲೂ ಇಲ್ಲ, ಹೊಸ್ತಿಲ ಮೇಲೆ ಕೂತಿದ್ದ. ಫೋನಿನಲ್ಲಿ ಅವಳ ದನಿ ಕೇಳಿ ಬಂದೆ ಎಂದು ಪೊಲೀಸರಿಗೆ ಹೇಳಿದನಂತೆ.

ಮಾಂತು ಅಂಗಡಿಯ ಷಟರು ಎಳೆದುಕೊಂಡು ಒಳಗೆ ಕೂತ. ಮೊದಲು ತುಣುಕನ್ನು ಅಳಿಸಲು ಹೋದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಅಷ್ಟರಲ್ಲಿ ಅದನ್ನು ಹತ್ತಾರು ಜನ ತಮ್ಮ ತಮ್ಮ ಪುಟಗಳಿಗೆ ಎತ್ತಿ ಹಾಕಿಕೊಂಡಿದ್ದರು. ಆಗ ಸೂರ್ಯಕಾಂತಿ ಹೂವು ಕಣ್ಣಿಗೆ ಬಿತ್ತು. ತನ್ನ ಉತ್ತರದ ಕೆಳಗೆ ಒಂದು ಸಾಲು ಹೊಸದಾಗಿ ಬಂದಿತ್ತು: ‘ಉಪಕಾರ ಆತ್ರಿ.’ ಮಾಂತು ತಾನು ಬರೆದದ್ದನ್ನು ಮತ್ತೆ ಮೊದಲಿನಿಂದ ಓದಿದ. ಕೊಂದವನು ಶಿವಪ್ಪ ನಿಜ, ಆದರೆ ಬಾಗಿಲು ತೋರಿಸಿ, ಹೊತ್ತು ಹೇಳಿ, ಕೈಮುಗಿದು ಕಳಿಸಿದವನು ತಾನು. ಆ ಹೂವು ಶಿವಪ್ಪನೇ ಎಂದು ಮಾಂತುವಿನ ಹೊರತು ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಒಂದು ಗುಂಡಿ ಒತ್ತಿದರೆ ಉತ್ತರ ಅಳಿದುಹೋಗುತ್ತಿತ್ತು. ಮೂರು ದಿನ ಬೆರಳು ಆ ಗುಂಡಿಯವರೆಗೆ ಹೋಗಿ ಹೋಗಿ ಬಂತು.

ಭಾನುವಾರ ಸಭೆ ತುಂಬಿತ್ತು. ಪಾಸ್ಟರರ ಕಣ್ಣು ಬಾತಿದ್ದವು. ರೊಟ್ಟಿ ಅಕ್ಕನಿಗಾಗಿ ಪ್ರಾರ್ಥಿಸಲು ಸಾವಿರಾರು ಜನ ಕಾಯುತ್ತಿದ್ದಾರೆ, ನೇರ ತೋರಿಸು ಎಂದು ಅವರು ಹೇಳಿದ್ದರು. ಮಾಂತು ಇಲ್ಲವೆನ್ನಲಿಲ್ಲ. ಫೋನಿನ ಮೂಲೆಯಲ್ಲಿ ನೋಡುವವರ ಲೆಕ್ಕ ನಾಲ್ಕು ಸಾವಿರ ದಾಟಿತು. ಕಂಬದ ಹಿಂದಿನ ಜಾಗದಲ್ಲಿ ಯಾರೂ ಕೂತಿರಲಿಲ್ಲ.

ಹಾಡು ಮುಗಿದು ಸಾಕ್ಷಿಯ ಹೊತ್ತು ಬಂತು. ಪಾಸ್ಟರರು ಎಂದಿನಂತೆ ಕ್ಯಾಮೆರಾ ಮುಚ್ಚು ಎಂದು ಕೈಸನ್ನೆ ಮಾಡಿದರು. ಮಾಂತು ಮುಚ್ಚಲಿಲ್ಲ. ಅದನ್ನು ಮೈಕಿನ ಕಡೆ ತಿರುಗಿಸಿ ಬಿಗಿ ಮಾಡಿ, ಬೆಂಚುಗಳ ನಡುವಿನಿಂದ ನಡೆದು ಹೋಗಿ ಮೈಕಿನ ಮುಂದೆ ನಿಂತ. ಐದು ವರ್ಷದಲ್ಲಿ ಅವನು ಆ ಜಾಗದಲ್ಲಿ ನಿಂತದ್ದು ಅದೇ ಮೊದಲು.

“ನನ್ನ ಹೆಸರು ಮಹಾಂತೇಶ. ಊರು ನವಲಗುಂದ. ಬಿಬವೇವಾಡ್ಯಾಗ ಭಾಜಿ ಮಾರ್ಕೆಟ್ ಹಿಂದ ನನ್ನ ಅಂಗಡಿ ಅದ. ಸಾವಂತ್ರವ್ವ ನಾ ಅದರಾಗ ಬರಬಾರದು ಅಂದಿದ್ಲು. ಆಕೀನ್ನ ಕೇಳಲಾರದ ನಾ ಹಾಕಿದೆ. ಕೇಳೀನಿ ಅಂತ ಪಾಸ್ಟರಿಗೆ ಸುಳ್ಳು ಹೇಳಿದೆ. ಆಕಿ ಗಂಡ ರೊಟ್ಟಿ ಎಲ್ಲಿ ಸಿಗತಾವು ಅಂತ ಕೇಳಿದ. ಜಾಗಾ ಬರದು ಕೊಟ್ಟಾಂವ ನಾನ. ಅದನ್ನ ಅಳಿಸಿಲ್ಲ. ಇಲ್ಲಿಂದ ನೆಟ್ಟಗ ಪೊಲೀಸ್ ಠಾಣೆಕ್ಕ ಹೊಂಟೀನಿ.”

ಮುಗಿಯಿತು. ಇನ್ನು ಸಭೆ ಹೇಳಬೇಕಾದ ಮಾತೊಂದಿತ್ತು. ಮಾಂತು ನಿಂತು ಕಾದ. ಮುಂದಿನ ಬೆಂಚಿನ ಮುದುಕಿಯೊಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸಿದಳು. ನಲವತ್ತು ಜನರಲ್ಲಿ ಒಬ್ಬರೂ ‘ಸ್ತೋತ್ರ’ ಎನ್ನಲಿಲ್ಲ.

ಅವನು ಕ್ಯಾಮೆರಾದ ಹತ್ತಿರ ಮರಳಿದ. ನಿಲ್ಲಿಸಲೆಂದು ಫೋನು ಎತ್ತಿಕೊಂಡರೆ ಪರದೆ ತುಂಬ ಅಕ್ಷರಗಳು ಮೇಲೆ ಮೇಲೆ ಹರಿಯುತ್ತಿದ್ದವು. ಸ್ತೋತ್ರ. ಆಮೆನ್. ಎಂಥಾ ಸಾಕ್ಷಿ ಬ್ರದರ್. ಕಣ್ಣೀರು ಬಂತು. ಇದನ್ನ ತುಣುಕು ಮಾಡಿ ಹಾಕ್ರಿ. ಸ್ತೋತ್ರ. ಸ್ತೋತ್ರ. ಕೆಂಪು ಹೃದಯಗಳು ಬುರುಬುರು ಏಳುತ್ತಿದ್ದವು, ನೋಡುವವರು ಆರು ಸಾವಿರ ಆಗಿದ್ದರು. ಮಾಂತು ಯಾರಿಗೂ ಉತ್ತರ ಬರೆಯಲಿಲ್ಲ. ಫೋನು ಆರಿಸಿ, ಕ್ಯಾಮೆರಾ ಚೀಲದ ಮೇಲೆ ರೊಟ್ಟಿಯ ಪೊಟ್ಟಣ ಇರುತ್ತಿದ್ದ ಜಾಗದಲ್ಲಿ ಇಟ್ಟು, ಬಾಗಿಲ ಕಡೆ ನಡೆದ.