ಐಪೀಸಿನೊಳಗಿನ ಕೂದಲು

ಜೋಡಿ ನಕ್ಷತ್ರಗಳ ಅಂತರ ಅಳೆಯಲು ದೊಡ್ಡಹನುಮಯ್ಯನವರು ಟೆಲಿಸ್ಕೋಪಿನಲ್ಲಿ ಕಣ್ಣಿಟ್ಟು ನೋಡುವ ಐಪೀಸಿನೊಳಗೆ ಹೆಂಡತಿ ರಾಮಮ್ಮನ ಕೂದಲೊಂದನ್ನು ಗೆರೆಯಂತೆ ಬಿಗಿದು ಅಂಟಿಸಿದ್ದರು. "ನನ್ನ ಕೂದ್ಲು ಆಕಾಶಕ್ಕೆ ಹೋಯ್ತು ಕಣೇ!" ಎಂದು ಆಕೆ ಬೀದಿಗೆಲ್ಲ ಹೇಳಿ ನಗುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಆಕೆಯ ಮೈಯದೆಂದು ಉಳಿದದ್ದು ಅದೊಂದೇ.

ಆಮೇಲೆ ಕೊಂಡ ಹೊಸ ಟೆಲಿಸ್ಕೋಪಿನಲ್ಲಿ ಐಪೀಸು ಕೂರುವ ಬಾಯಿ ದೊಡ್ಡದು. ಐಪೀಸಿಗೆ ಹಿತ್ತಾಳೆಯ ಬಳೆ ತೊಡಿಸಲು ರಾಜಾಜಿನಗರದ ಹನುಮೇಶನ ಲೇತ್ ಅಂಗಡಿಗೆ ಕೊಟ್ಟರು. ಕೂದಲಿನ ವಿಷಯ ಹೇಳಲು ನಾಚಿಕೆಯಾಗಿ ಸುಮ್ಮನಿದ್ದರು.

"ಹೊಸ ಅಳಿಯನಂಗ ಗಟ್ಟಿ ಕುಂತೈತ್ರಿ ಸರ! ಒಳಗೊಂದು ಕೂದ್ಲ ಸಿಕ್ಕೊಂಡಿತ್ತು. ಕೆಲಸ ಮುಗದ ಮ್ಯಾಲ ಗಾಳಿ ಹೊಡಿಯೂದು ನಮ್ಮ ರೂಢಿ, ಹಾರಿಸಿಬಿಟ್ಟೆ," ಎಂದ ಹನುಮೇಶ, ತರಲು ಹೋದವರ ಕೈಗೆ ಐಪೀಸನ್ನಿಡುತ್ತ.

ದೊಡ್ಡಹನುಮಯ್ಯನವರು ಐಪೀಸನ್ನು ಬೆಳಕಿಗೆ ಹಿಡಿದು ನೋಡಿದರು. ನೆಲದ ತುಂಬ ಹಿತ್ತಾಳೆಯ ಚೂರು ಹೊಳೆಯುತ್ತಿತ್ತು.

"ಯಾಕ್ರಿ ಸರ, ಲೂಸ್ ಐತೇನ್ರಿ?"

"ಇಲ್ಲಪ್ಪ, ಸರಿಯಾಗಿದೆ. ಅಳೆಯೋಕೆ ಒಳಗೊಂದು ಗೆರೆ ಬೇಕಿತ್ತು. ಸಣ್ಣ ತಂತಿ ಇದ್ರೆ ಹಾಕ್ಕೊಡು."

ಹನುಮೇಶ ಸುಟ್ಟ ಮೋಟರಿನಿಂದ ಒಂದೆಳೆ ಬಿಚ್ಚಿ ಬಿಗಿದುಕೊಟ್ಟ.

ಕತ್ತಲಾದ ಮೇಲೆ ಅವರು ಮಹಡಿಯಲ್ಲಿ ಅಳೆದು ನೋಡಿದರು. ಗೆರೆ ಮೊದಲಿಗಿಂತ ನೆಟ್ಟಗಿತ್ತು, ಅಳತೆಯೂ ಸರಿಯಾಗಿ ಬಂತು. ಕೆಳಗಿಳಿದು ಅನ್ನಕ್ಕಿಟ್ಟರು.