ಕೊಳವೆಯ ಬಾಯಿ ಮುಚ್ಚುವವನು

ನಾನು ವೀರಭದ್ರ. ಬಸವಕಲ್ಯಾಣದಲ್ಲಿ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರ ಗಾಜಿನ ಕೆಲಸದವನು. ಮೊದಲು ಹುಮನಾಬಾದಿನ ಔಷಧ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ, ಆಮೇಲೆ ಇಲ್ಲಿ ಹತ್ತೊಂಬತ್ತು ವರ್ಷ, ಉರಿಯ ಮುಂದೆ ಕೂತೇ ತಲೆ ಬೆಳ್ಳಗಾಯಿತು. ಕಲ್ಯಾಣದಲ್ಲಿ ಕಾಯಕದ ಬಗ್ಗೆ ಭಾಷಣ ಬಿಗಿಯುವವರಿಗೆ ಬರವಿಲ್ಲ, ನಾನೂ ಅವರಲ್ಲೊಬ್ಬ. ಹೊಸಬರು ಕೆಲಸ ಕೆಡಿಸಿದರೆ ಅವರ ಏಳು ತಲೆಮಾರನ್ನೂ ಎಳೆದು ತಂದು ಬೈದವನು.

ನಮ್ಮಲ್ಲಿ ಕ್ವಾಂಟಂ ವಸ್ತುಗಳ ಹರಳು ಬೆಳೆಸುತ್ತಾರೆ. ಬಿಸ್ಮತ್ ಮತ್ತು ಸೆಲೆನಿಯಂ ತೂಗಿ ಗಾಜಿನಂಥ ಕ್ವಾರ್ಟ್ಜ್ ಕೊಳವೆಗೆ ಹಾಕಬೇಕು, ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆಯಬೇಕು, ಕೊಳವೆಯ ಬಾಯನ್ನು ಉರಿಯಲ್ಲಿ ಕರಗಿಸಿ ಮುಚ್ಚಬೇಕು. ಈ ಮುಚ್ಚುವ ಕೆಲಸ ನನ್ನದು. ಆಮೇಲೆ ಕುಲುಮೆಯಲ್ಲಿ ಕರಗಿಸಿ, ಗಂಟೆಗೆ ಎರಡು ಡಿಗ್ರಿಯಂತೆ ಹದಿನಾರು ದಿನ ತಣಿಸಿದರೆ ಕನ್ನಡಿಯಂಥ ಹರಳು ಸಿಗುತ್ತದೆ. ಅದರ ಮೈಮೇಲೆ ಕರೆಂಟು ಹರಿಯುತ್ತದೆ, ಒಳಗೆ ಹರಿಯುವುದಿಲ್ಲವಂತೆ. ಎಲ್ಲಾದರೂ ಚೂರು ಗಾಳಿ ನುಗ್ಗಿದರೆ ಅಷ್ಟೂ ದಿನದ ಕೆಲಸ ಹಾಳು.

ಮೇಘಾ ಹಳ್ಳಿಖೇಡದ ಕಾಶಿರಾಮನ ಮಗಳು. ಕಬ್ಬು ಕಡಿಯುವವರ ಮನೆಯಿಂದ ಬಂದು ಐದು ವರ್ಷ ಇದೇ ಹರಳಿಗಾಗಿ ದುಡಿದಿದ್ದಳು. "ಕಲ್ಲುಸಕ್ಕರಿ ಮಾಡಿದಂಗರಿ ಕಾಕಾ ಇದು. ಅವಸರ ಮಾಡಿದ್ರ ಪುಡಿ, ತಡಕೊಂಡ್ರ ಹರಳು" ಎನ್ನುತ್ತಿದ್ದಳು. ಮಾರ್ಚ್ ಕೊನೆಗೆ ಅವಳ ಸಂಶೋಧನೆಯ ಅವಧಿ ಮುಗಿಯುತ್ತಿತ್ತು. ಅಷ್ಟರೊಳಗೆ ಒಂದು ಶುದ್ಧ ಹರಳು ಅಳತೆಗಾಗಿ ಮುಂಬೈಗೆ ಹೋಗದಿದ್ದರೆ ಪಿಎಚ್‌ಡಿ ಇಲ್ಲ. ಉಳಿದಿದ್ದ ಸೆಲೆನಿಯಂ ಒಂದೇ ಸಲಕ್ಕೆ ಸಾಕಾಗುವಷ್ಟು. ಹೊಸದು ಬರಲು ಮೂರು ತಿಂಗಳು ಬೇಕಿತ್ತು.

ಫೆಬ್ರುವರಿಯ ಒಂದು ಬೆಳಿಗ್ಗೆ ಆ ಕೊಳವೆ ನನ್ನ ಕೈಗೆ ಬಂತು. ನನ್ನ ಎರಡೂ ಕಣ್ಣಿಗೆ ಪೊರೆ ಬಂದು ವರ್ಷ ದಾಟಿತ್ತು. ಯಾರಿಗೂ ಹೇಳಿರಲಿಲ್ಲ. ಕಣ್ಣು ಮಂಜಾದ ಗಾಜಿನವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಬಾಯಿ ಮುಚ್ಚಿದ ಮೇಲೆ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ಕಡೆ ಕೂದಲೆಳೆಯಷ್ಟು ಗೆರೆ ಇದ್ದಂತೆ ಅನಿಸಿತು. ನನ್ನ ಕಣ್ಣಿನ ಮಂಜೇ ಇರಬಹುದು ಎಂದೂ ಅನಿಸಿತು. ಮೇಘಾ ಪಕ್ಕದಲ್ಲೇ ನಿಂತಿದ್ದಳು. ನೀನೊಮ್ಮೆ ನೋಡವ್ವ ಎಂದಿದ್ದರೆ ಸಾಕಿತ್ತು. ಕೊಳವೆಯನ್ನು ಒರೆಸಿ ಅವಳ ಕೈಗಿಟ್ಟೆ.

"ಕುಲುಮಿಯಾಗ ಇಡ್ಲೇನ್ರಿ ಕಾಕಾ?"

"ಇಡು. ಪಕ್ಕಾ ಅದ."

ಹದಿನೇಳನೆಯ ದಿನ ಕುಲುಮೆ ತೆರೆದರು. ಕೊಳೆತ ಮೂಲಂಗಿಯ ನಾತ ಕೋಣೆಯೆಲ್ಲ ತುಂಬಿತು. ಸೆಲೆನಿಯಂ ಸೋರಿದರೆ ಹಾಗೇ ನಾರುತ್ತದೆ. ಕೊಳವೆಯೊಳಗಿದ್ದದ್ದು ಹೊಳಪಿಲ್ಲದ ಒಂದು ಕರಿ ಗಟ್ಟಿ. ಮೇಘಾ ಚಿಮುಟದಿಂದ ಮುಟ್ಟಿದಳು, ಪುಡಿಯಾಯಿತು. ಅವಳ ಗುರು ಶಂಕರಲಿಂಗ ಸರ್ ಏನಾಯಿತೆಂದು ಕೇಳಿದಾಗ, "ತೂಕ ಮಾಡೋದ್ರಾಗ ನಾನೇ ತಪ್ಪಿದೆ ಕಾಣತದ್ರಿ ಸರ್" ಅಂದಳು. ನಾನಾದರೂ ಬಾಯಿಬಿಟ್ಟೆನೆ? "ನಡುವ ಕರೆಂಟ್ ಸೈತ ಹೋಗಿತ್ರಿ" ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸರ್ ನಮ್ಮಿಬ್ಬರನ್ನೂ ನೋಡಿ ತಮ್ಮ ಕೋಣೆಗೆ ಹೋದರು.

ಏಪ್ರಿಲ್‌ನಲ್ಲಿ ಅವಳು ಹುಮನಾಬಾದಿನ ಒಂದು ರಾಸಾಯನಿಕ ಕಾರ್ಖಾನೆ ಸೇರಿದಳು. ಬಾಟಲಿಗೆ ಮಾದರಿ ತುಂಬಿ ಚೀಟಿ ಅಂಟಿಸುವ ಕೆಲಸ. ನನ್ನ ಮನೆ ಇರುವುದೂ ಹುಮನಾಬಾದಿನಲ್ಲೇ. ಬೆಳಿಗ್ಗೆ ನಾನು ಅಲ್ಲಿ ಕಲ್ಯಾಣದ ಬಸ್ಸಿಗೆ ಕಾಯುವಾಗ ಅವಳು ಹಳ್ಳಿಖೇಡದ ಬಸ್ಸಿನಿಂದ ಇಳಿಯುತ್ತಿದ್ದಳು. "ಆರಾಮ ಅದೀರೇನ್ರಿ ಕಾಕಾ?" ಎಂದು ದಿನಾ ಕೇಳುತ್ತಿದ್ದಳು. ನಾನು ತಲೆಯಾಡಿಸಿ ಬಸ್ಸು ಹತ್ತುತ್ತಿದ್ದೆ. ಒಂದು ತಿಂಗಳು ತಡೆದೆ. ಆಮೇಲೆ ಆಗಲಿಲ್ಲ, ಸರ್ ಕೋಣೆಗೆ ಹೋಗಿ ನಿಂತೆ.

"ಮೇಘಾಂದು ಕೆಟ್ಟಿದ್ದು ನನ್ನಿಂದ್ರಿ ಸರ್. ನನಗ ಕಣ್ಣು ನೆಟ್ಟಗ ಕಾಣಂಗಿಲ್ರಿ. ಕೊಳವಿ ಬಾಯಾಗ ಗೆರಿ ಇದ್ದಂಗ ಕಂಡಿತ್ತು, ಸುಮ್ಮನಾದೆ. ಆಕಿಗಿ ಇನ್ನೊಂದ್ ಮೋಕಾ ಕೊಡ್ರಿ."

ಸರ್ ಕೂಡಲು ಹೇಳಿದರು. ನಾನು ಕೂಡಲಿಲ್ಲ.

"ಆಕಿ ಅವಧಿ ಮುಗದದ ವೀರಭದ್ರಪ್ಪ. ಈಗೇನೂ ಮಾಡಾಕ ಬರಂಗಿಲ್ಲ. ನಿಮ್ಮ ಕಣ್ಣಿನ ಸಂಗತಿ ನಮಗೆಲ್ಲಾ ಗೊತ್ತಿತ್ತು. ಹೋದ ವರ್ಷದಿಂದ ಉಳಿದೋರ ಕೊಳವಿ ಹೈದರಾಬಾದಿನ್ಯಾಗ ಮುಚ್ಚಿಸಾಕತ್ತೇವಿ. ನಿಮಗ ಸಣ್ಣಪುಟ್ಟ ಕೆಲಸ ಅಷ್ಟೇ ಕೊಡ್ತಿದ್ದೆವು. ಇಷ್ಟು ವರ್ಷದ ಮನಷಾಗ ಎದುರಿಗಿ ಹ್ಯಾಂಗ ಹೇಳೋದು?"

"ಮತ್ತ ಮೇಘಾಂದು ಯಾಕ ಕಳಸಲಿಲ್ರಿ?"

"ಕಳಸು ಅಂತ ಹೇಳಿದೆ. ಆಕಿ ಒಪ್ಪಲಿಲ್ಲ. 'ನಂದೊಂದಾದ್ರೂ ಕಾಕಾನೇ ಮುಚ್ಚಲಿ ಬಿಡ್ರಿ ಸರ್. ಸರಿ ಕಾಣಲಿಲ್ಲಂದ್ರ ನನಗ ಹೇಳೇ ಹೇಳ್ತಾರ' ಅಂದಳು."